ಒಂದೇ ಮನೆಯಲ್ಲಿ ಪ್ರತ್ಯೇಕವಾಗಿರುವುದು: ಅತ್ತೆಯವರನ್ನು ಹೇಗೆ ಒಪ್ಪಿಸಲಿ?

ಪ್ರಶ್ನೆ: ಕಿರುಮನೆ (ಶನಿವಾರ)

ಎಲ್ಲರಿಗೂ ನಮಸ್ಕಾರ. ಈ ಸೋಮವಾರ ನನ್ನ ಪತಿಗೆ ಜ್ವರ ಮತ್ತು ಒಣಕೆಮ್ಮು ಶುರುವಾಯಿತು. ಬುಧವಾರ ಕೋವಿಡ್ ಪಾಸಿಟಿವ್ ಎಂಬ ವರದಿ ಬಂದಿತು. ಉಸಿರಾಟಕ್ಕೆ ತೊಂದರೆಯಿಲ್ಲದ ಕಾರಣ ಮನೆಯಲ್ಲೇ ಪ್ರತ್ಯೇಕವಾಗಿರಲು ವೈದ್ಯರು ತಿಳಿಸಿದ್ದಾರೆ. ನಮ್ಮದು ಎರಡು ಕೋಣೆ ಮತ್ತು ಒಂದೇ ಸ್ನಾನಗೃಹವಿರುವ ಮನೆ. ಒಂದು ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ನಾನು, ಆರು ವರ್ಷದ ಮಗಳು ಮತ್ತು 76 ವರ್ಷದ ಅತ್ತೆಯವರು ಇನ್ನೊಂದರಲ್ಲಿದ್ದೇವೆ. ಮಗಳ ಆನ್‌ಲೈನ್ ತರಗತಿ, ನನ್ನ ಕಚೇರಿ ಕೆಲಸ, ಅತ್ತೆಯವರ ಮಧ್ಯಾಹ್ನದ ನಿದ್ದೆ ಎಲ್ಲವೂ ಅಲ್ಲಿಯೇ ನಡೆಯಬೇಕು. ಅದನ್ನು ಹೇಗೋ ನಿಭಾಯಿಸುತ್ತಿದ್ದೇನೆ.

ನನ್ನಿಂದ ನಿಭಾಯಿಸಲಾಗದಿರುವುದು ಅತ್ತೆಯವರ ಸಂಕಟ. ಕಾಯಿಲೆ ಬಿದ್ದ ಮಗನನ್ನು ಕೋಣೆಯಲ್ಲಿ ಒಂಟಿಯಾಗಿ ಬಿಡುವುದು ಅವರಿಗೆ ಒಪ್ಪಿಗೆಯಾಗುತ್ತಿಲ್ಲ. ನಿನ್ನೆ ರಾತ್ರಿ ನಾವು ಮಲಗಿದ ಮೇಲೆ ಮಾಸ್ಕ್ ಕೂಡ ಇಲ್ಲದೆ ಒಳಗೆ ಹೋಗಿ, ಮಗನ ಹಣೆ ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಕುಳಿತು ಬಂದಿದ್ದಾರೆ. ಅವರಿಗೆ ಲಸಿಕೆಯ ಮೊದಲ ಡೋಸ್ ಆಗಿ ಐದು ದಿನವಷ್ಟೇ ಆಗಿದೆ. ಕಿವಿಯೂ ಮಂದವಾಗಿರುವುದರಿಂದ ಏನನ್ನೇ ವಿವರಿಸಬೇಕಾದರೂ ಕೂಗಿ ಹೇಳಬೇಕು, ಕೂಗಿ ಹೇಳಿದರೆ ಗದರಿಸಿದಂತೆ ಕೇಳಿಸುತ್ತದೆ. ಇತ್ತ ಮಗಳು, ಅಪ್ಪ ಏನು ತಪ್ಪು ಮಾಡಿದರು ಎಂದು ಕೇಳುತ್ತಿದ್ದಾಳೆ, ಏಕೆಂದರೆ ಹಟ ಮಾಡಿದಾಗ ನಾವು ಅವಳನ್ನು ಕೂರಿಸುತ್ತಿದ್ದುದು ಅದೇ ಕೋಣೆಯಲ್ಲಿ. ಎಷ್ಟು ದಿನ ಹೀಗಿರಬೇಕು, ಅತ್ತೆಯವರ ಮನಸ್ಸು ನೋಯದಂತೆ ಅವರನ್ನು ಹೇಗೆ ತಡೆಯಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ದಾದಿ

ಮೊದಲು ದಿನಗಳ ಲೆಕ್ಕವನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ನಡೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ (2021ರ) ಸೂಚನೆಯಂತೆ, ರೋಗಲಕ್ಷಣವಿರುವವರು ಲಕ್ಷಣ ಕಾಣಿಸಿಕೊಂಡ ದಿನದಿಂದ 10 ದಿನ, ಅದರ ಮೇಲೆ ಜ್ವರವಾಗಲಿ ಉಸಿರಾಟದ ತೊಂದರೆಯಾಗಲಿ ಇಲ್ಲದ ಕನಿಷ್ಠ 3 ದಿನ ಪ್ರತ್ಯೇಕವಾಗಿರಬೇಕು. ಜೊತೆಯಲ್ಲಿದ್ದವರದು 14 ದಿನ, ಅದೂ ಸೋಂಕಿತರನ್ನು ಕೊನೆಯ ಬಾರಿ ಹತ್ತಿರದಿಂದ ಸಂಪರ್ಕಿಸಿದ ದಿನದಿಂದ. ಹೀಗಾಗಿ ಅತ್ತೆಯವರು ಪ್ರತಿ ಸಲ ಒಳಗೆ ಹೋದಾಗಲೂ ಅವರ ಎಣಿಕೆ ಮತ್ತೆ ಒಂದರಿಂದ ಆರಂಭವಾಗುತ್ತದೆ. ವೈರಾಣು, ಕಣ, ರೋಗನಿರೋಧಕ ಶಕ್ತಿ ಎಂದು ವಿವರಿಸುವ ಬದಲು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ ತೋರಿಸಿ. ಹಿರಿಯರಿಗೆ ಅದು ಬೇಗ ಅರ್ಥವಾಗುವುದನ್ನು ನಾನು ಕಂಡಿದ್ದೇನೆ.

ಸೋಂಕು ಲಕ್ಷಣಗಳಿಗಿಂತ ಸುಮಾರು ಎರಡು ದಿನ ಮೊದಲೇ ಹರಡಬಲ್ಲದು, ಆದ್ದರಿಂದ ನೀವು ಮೂವರೂ ಈಗಾಗಲೇ ಅದಕ್ಕೆ ಒಡ್ಡಿಕೊಂಡಿರುವ ಸಾಧ್ಯತೆ ಇದೆ. ಮೊದಲ ಡೋಸಿನ ರಕ್ಷಣೆ ಐದೇ ದಿನದಲ್ಲಿ ಬರುವುದಿಲ್ಲ. ಅತ್ತೆಯವರಿಗೆ ಜ್ವರ, ಕೆಮ್ಮು ಇಲ್ಲದಿದ್ದರೂ ವಿಪರೀತ ಆಯಾಸವೋ ಗೊಂದಲವೋ ಕಂಡುಬಂದರೆ ವೈದ್ಯರಿಗೆ ತಿಳಿಸಿ, ವಯಸ್ಸಾದವರಲ್ಲಿ ಕಾಯಿಲೆ ಹಾಗೆಯೂ ಶುರುವಾಗುತ್ತದೆ. ಪತಿಯ ಆಮ್ಲಜನಕದ ಮಟ್ಟವನ್ನು ಆಕ್ಸಿಮೀಟರಿನಲ್ಲಿ ದಿನಕ್ಕೆ ಮೂರು ಬಾರಿಯಾದರೂ ನೋಡಿ. 94ಕ್ಕಿಂತ ಕೆಳಗಿಳಿದರೆ ವೈದ್ಯರನ್ನು ಕೇಳಿ, 90ಕ್ಕಿಂತ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಏದುಸಿರು ಇಲ್ಲದೆಯೂ ಮಟ್ಟ ಕುಸಿಯಬಹುದು. ಬೆರಳು ತಣ್ಣಗಿದ್ದರೆ ಅಥವಾ ಉಗುರಿಗೆ ಬಣ್ಣವಿದ್ದರೆ ಯಂತ್ರ ತಪ್ಪು ತೋರಿಸುತ್ತದೆ. ಸ್ನಾನಗೃಹವನ್ನು ಅವರು ಎಲ್ಲರ ನಂತರ ಬಳಸಲಿ, ಬಳಸಿದ ಮೇಲೆ ಮುಟ್ಟಿದ ಜಾಗಗಳನ್ನೆಲ್ಲ ಬ್ಲೀಚಿಂಗ್ ದ್ರಾವಣದಿಂದ ಒರೆಸಿ.

ಉತ್ತರ 2: ತೆರೆದ ಕಿಟಕಿ

ಮೇಲಿನ ಮಾತಿಗೆ ಒಂದು ಸೇರ್ಪಡೆ, ಒಂದು ಸಣ್ಣ ಭಿನ್ನಾಭಿಪ್ರಾಯ. 2020ರ ಆರಂಭದ ತಿಂಗಳುಗಳಲ್ಲಿ ನಾವೆಲ್ಲ ಬಾಗಿಲ ಚಿಲಕ ಒರೆಸಿ ಒರೆಸಿ ದಣಿದೆವು, ಮುಚ್ಚಿದ ಕಿಟಕಿಯ ಕಡೆಗೆ ತಿರುಗಿ ನೋಡಲಿಲ್ಲ. ಈ ಸೋಂಕು ಮುಖ್ಯವಾಗಿ ಹರಡುವುದು ಉಸಿರಿನಿಂದ, ಗಾಳಿಯಲ್ಲಿ. ಸಂದು ಬಿಡದೆ ಕೂರುವ ಮಾಸ್ಕ್ ಧರಿಸಿ, ಪತಿ ಸ್ನಾನಗೃಹದಿಂದ ಬಂದ ಮೇಲೆ ಕಿಟಕಿ ತೆರೆದಿಟ್ಟು, ಸಾಕಷ್ಟು ಹೊತ್ತು ಯಾರೂ ಒಳಗೆ ಹೋಗದಿರುವುದು ಒರೆಸುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬ್ಲೀಚ್ ಬಳಸುವುದಾದರೆ ಅದನ್ನು ಆಸಿಡ್ ಇರುವ ಶೌಚಾಲಯದ ಕ್ಲೀನರಿನೊಂದಿಗೆ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊರಡುತ್ತದೆ. ತಟ್ಟೆ ಲೋಟಗಳಿಗೆ ಸೋಪು ಮತ್ತು ನೀರು ಸಾಕು.

ಉತ್ತರ 3: ಒಳಗಿದ್ದವನು

ನಾನು ಬಾಗಿಲಿನ ಆ ಕಡೆ ಇದ್ದವನು, ಆದ್ದರಿಂದ ಉಳಿದವರು ಬಿಟ್ಟಿದ್ದನ್ನು ಹೇಳುತ್ತೇನೆ. ಹದಿಮೂರು ದಿನ ನಾನು ಮನೆಯವರನ್ನು ಕಿವಿಯಿಂದಲೇ ನೋಡಿದೆ: ತಟ್ಟೆ ನೆಲಕ್ಕಿಟ್ಟ ಸದ್ದು, ಅದರ ಹಿಂದೆಯೇ ದೂರ ಸರಿಯುವ ಹೆಜ್ಜೆ. ಜ್ವರಕ್ಕಿಂತ ಆ ಹೆಜ್ಜೆ ಕಷ್ಟವಾಗಿತ್ತು, ನಾನೇ ಹಾಗೆ ಮಾಡಿ ಎಂದು ಹೇಳಿದ್ದರೂ ಕೂಡ.

ನಿಮ್ಮ ಅತ್ತೆಯವರ ವಿಷಯದಲ್ಲಿ ನನಗೆ ಒಂದು ಅನುಮಾನವಿದೆ. ಕಿವಿ ಮಂದವಿರುವವರು ಎದುರಿನವರ ತುಟಿ ನೋಡಿ ಅರ್ಧ ಮಾತು ಗ್ರಹಿಸುತ್ತಾರೆ. ಬುಧವಾರದಿಂದ ನೀವೆಲ್ಲ ಮಾಸ್ಕ್ ಹಾಕಿರುವುದರಿಂದ, ಮಗ ಕಣ್ಮರೆಯಾದದ್ದೂ ಮನೆಯವರು ಮಾತು ನಿಲ್ಲಿಸಿದ್ದೂ ಅವರ ಪಾಲಿಗೆ ಒಂದೇ ದಿನ ನಡೆದಂತಾಗಿದೆ. ಕೋಣೆಯಲ್ಲಿ ಒಬ್ಬರೇ ಇರುವಾಗ ನಿಮ್ಮ ಪತಿ ಮಾಸ್ಕ್ ತೆಗೆದು ವಿಡಿಯೊ ಕರೆ ಮಾಡಬಹುದಲ್ಲ? ತುಟಿ ಕಾಣುತ್ತದೆ, ಮುಖ ಕಾಣುತ್ತದೆ. ಆಕ್ಸಿಮೀಟರಿನ ಅಂಕಿಯನ್ನು ಅವರು ಪರದೆಯಲ್ಲಿ ತಾಯಿಗೆ ತೋರಿಸಲಿ, ಅದನ್ನು ವೇಳೆಸಹಿತ ಬರೆದಿಡುವ ಕೆಲಸ ಅತ್ತೆಯವರದಾಗಲಿ. ನೆಪಕ್ಕೆ ಕೊಟ್ಟ ಕೆಲಸವನ್ನು ಹಿರಿಯರು ತಕ್ಷಣ ಗುರುತಿಸುತ್ತಾರೆ. ಇದು ಯಾರಾದರೂ ಮಾಡಲೇಬೇಕಾದ ಕೆಲಸ.

ಮಗಳಿಗೂ ಅದೇ ಕರೆಯಲ್ಲಿ ಅಪ್ಪನೇ ಉತ್ತರ ಹೇಳಲಿ.

ಕಿರುಮನೆ (ಮುಂದಿನ ವಾರದ ಭಾನುವಾರ)

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಜ್ವರ ಆರನೆಯ ದಿನಕ್ಕೆ ಬಿಟ್ಟಿತು, ಆಮ್ಲಜನಕ 95ಕ್ಕಿಂತ ಕೆಳಗೆ ಇಳಿಯಲಿಲ್ಲ, ವೈದ್ಯರ ಒಪ್ಪಿಗೆ ಪಡೆದು ನನ್ನ ಪತಿ ಇಂದು ಬೆಳಿಗ್ಗೆ ಹೊರಗೆ ಬಂದರು. ನಮ್ಮಲ್ಲಿ ಯಾರಿಗೂ ಈವರೆಗೆ ಲಕ್ಷಣಗಳಿಲ್ಲ. ಅತ್ತೆಯವರ ಪುಸ್ತಕದಲ್ಲಿ ದಿನಕ್ಕೆ ಮೂರರ ಬದಲು ಏಳೆಂಟು ಅಂಕಿಗಳಿವೆ. 96 ಇದ್ದದ್ದು 95 ಆದಾಗಲೆಲ್ಲ ಬೆರಳು ಬಿಸಿ ಮಾಡಿಕೊಂಡು ಮತ್ತೊಮ್ಮೆ ತೋರಿಸು ಎಂದು ಅವರು ಮಗನಿಗೆ ಹೇಳುತ್ತಿದ್ದರು. ತಪ್ಪು ಮಾಡಿದ್ದಕ್ಕಲ್ಲ, ನಿನಗೆ ಕೆಮ್ಮು ಬರಬಾರದೆಂದು ನಾನೇ ಬಾಗಿಲು ಹಾಕಿಕೊಂಡೆ ಎಂದು ಅಪ್ಪ ಹೇಳಿದ ಮೇಲೆ ಮಗಳು ಸಮಾಧಾನಗೊಂಡಳು, ಆದರೆ ಇನ್ನು ಮುಂದೆ ಅವಳನ್ನು ಆ ಕೋಣೆಯಲ್ಲಿ ಕೂರಿಸುವುದಿಲ್ಲವೆಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ.

ಕ್ಯಾಲೆಂಡರಿನ ಪ್ರಕಾರ ನನಗೂ ಮಗಳಿಗೂ ಬುಧವಾರದವರೆಗೆ ಮೂರು ದಿನ ಬಾಕಿಯಿದೆ. ಅತ್ತೆಯವರಿಗೆ, ಆ ರಾತ್ರಿಯ ಭೇಟಿಯ ಕಾರಣ, ಶುಕ್ರವಾರದವರೆಗೆ. ಆ ಎರಡು ದಿನ ಹೆಚ್ಚಾದದ್ದಕ್ಕೆ ತಮಗೇನೂ ಬೇಸರವಿಲ್ಲವೆಂದು ಅವರು ಹೇಳುತ್ತಿದ್ದಾರೆ.