ವಿಮಾನ ಕಂಪನಿಯ ಲೆಕ್ಕ ಮೊದಲ ಸಲ ನೋಡುತ್ತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಬೆಂಗಳೂರಿನಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡುತ್ತಿದ್ದೇನೆ, ಎರಡನೇ ವರ್ಷ. ಇಷ್ಟು ದಿನ ಗಾರ್ಮೆಂಟ್ಸ್, ಅಕ್ಕಿ ಗಿರಣಿ ಆಡಿಟ್‌ಗೆ ಹೋಗುತ್ತಿದ್ದೆ. ಸೋಮವಾರದಿಂದ ಒಂದು ಸಣ್ಣ ವಿಮಾನ ಕಂಪನಿಗೆ ಕಳಿಸುತ್ತಿದ್ದಾರೆ. ಅವರ ಅಕೌಂಟಿಂಗ್ ಪಾಲಿಸಿ ಪುಟಗಳನ್ನು ಎರಡು ಸಲ ಓದಿದೆ, ತಲೆಗೆ ಹತ್ತಲಿಲ್ಲ. ಆದಾಯ, ಖರ್ಚು ಎರಡರಲ್ಲೂ ಜಾಸ್ತಿ ಎಡವುವುದು ಎಲ್ಲಿ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ರೆವೆನ್ಯೂ ಅಕೌಂಟ್ಸ್‌ನಲ್ಲಿ 11 ವರ್ಷ ಇದ್ದವರು:

ಒಂದೇ ಒಂದು ಟಿಕೆಟ್ ತೆಗೆದುಕೊಂಡು ಅದರ ಹಿಂದೆಯೇ ಹೋಗಿ, ತಂಗಿ. ಪಾಲಿಸಿ ಪುಟ ಆಮೇಲೆ ತಾನಾಗಿ ಅರ್ಥವಾಗುತ್ತದೆ.

ಒಬ್ಬರು ಮಾರ್ಚ್ 20ಕ್ಕೆ ಹುಬ್ಬಳ್ಳಿ–ಬೆಂಗಳೂರು ಟಿಕೆಟ್ ಕೊಂಡರು, ಪ್ರಯಾಣ ಏಪ್ರಿಲ್ 4ಕ್ಕೆ ಅಂದುಕೊಳ್ಳಿ. ಕಟ್ಟಿದ್ದು 5,165 ರೂಪಾಯಿ. ದುಡ್ಡು ಬ್ಯಾಂಕಿಗೆ ಬಂದಾಯಿತು. ಆದರೆ ಮಾರ್ಚ್ 31ಕ್ಕೆ ಕಂಪನಿಗೆ ಅದರಲ್ಲಿ ಒಂದು ರೂಪಾಯಿಯೂ ಆದಾಯ ಅಲ್ಲ. ಹಾರಿಸಿ ಕೊಡಬೇಕಾದ ಸಾಲ ಅದು. ಬ್ಯಾಲೆನ್ಸ್ ಶೀಟ್‌ನಲ್ಲಿ ಫಾರ್ವರ್ಡ್ ಸೇಲ್ಸ್ ಅಂತಲೋ, ಕಾಂಟ್ರಾಕ್ಟ್ ಲಯಬಿಲಿಟಿ ಅಂತಲೋ ಕೂತಿರುತ್ತದೆ. ಏಪ್ರಿಲ್ 4ಕ್ಕೆ ವಿಮಾನ ಹಾರಿದ ಮೇಲೂ ಪೂರ್ತಿ 5,165 ಆದಾಯಕ್ಕೆ ಬರುವುದಿಲ್ಲ. ಅದರಲ್ಲಿ ದರ ಮತ್ತು ಇಂಧನ ಶುಲ್ಕ 4,300 ಇದ್ದರೆ ಅಷ್ಟೇ ಕಂಪನಿಯದು. ಯುಡಿಎಫ್ (ವಿಮಾನ ನಿಲ್ದಾಣ ಬಳಕೆಯ ಶುಲ್ಕ) ಮತ್ತು ಭದ್ರತಾ ಶುಲ್ಕ 650, ಜಿಎಸ್‌ಟಿ 215. ಇವು ಬೇರೆಯವರ ಪರವಾಗಿ ವಸೂಲಿ ಮಾಡಿದ ದುಡ್ಡು.

ಪ್ರಯಾಣಿಕರು ಬರಲೇ ಇಲ್ಲ ಅಂದರೆ? ರೀಫಂಡ್ ಇಲ್ಲದ ಟಿಕೆಟ್ ಆಗಿದ್ದರೆ 4,300 ಆದಾಯ ಆಗುತ್ತದೆ. ಆದರೆ ಯುಡಿಎಫ್, ಭದ್ರತಾ ಶುಲ್ಕದಂಥವನ್ನು ಹಿಂದಿರುಗಿಸಬೇಕು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ ಇದೆ. ಅವರು ಕೇಳಲಿಲ್ಲ ಅಂತ ಆ ಭಾಗವನ್ನೂ ಆದಾಯಕ್ಕೆ ಸೇರಿಸಿದ್ದಾರಾ ಅಂತ ನೋಡಲೇಬೇಕು. ಒಂದೊಂದು ಟಿಕೆಟ್‌ಗೆ ಸಣ್ಣ ಮೊತ್ತ. ವರ್ಷದ ಲೆಕ್ಕದಲ್ಲಿ ಸಣ್ಣದಲ್ಲ, ಮೇಲಾಗಿ ಅದು ಜನರ ದುಡ್ಡು.

ದಿನಾಂಕ ಬದಲಾವಣೆ ಶುಲ್ಕವನ್ನು ಹಿಂದೆಲ್ಲ ವಸೂಲಿ ಆದ ದಿನವೇ ಆದಾಯ ಅಂತ ಬರೆಯುವವರು ಇದ್ದರು. 2018ರ ಏಪ್ರಿಲ್ 1ರಿಂದ ಆದಾಯದ ಲೆಕ್ಕಕ್ಕೆ ಇಂಡ್ ಎಎಸ್ 115 ಅನ್ನುವ ಅಕೌಂಟಿಂಗ್ ಸ್ಟ್ಯಾಂಡರ್ಡ್ ಬಂತು. ಪ್ರಯಾಣ ಇಲ್ಲದೆ ಆ ಶುಲ್ಕಕ್ಕೆ ಬೇರೆ ಬೆಲೆ ಇಲ್ಲ ಅಲ್ವಾ? ಹಾಗಾಗಿ ಅದೂ ಹಾರಿದ ದಿನವೇ ಆದಾಯ. ಸೀಟು, ಲಗೇಜು ಶುಲ್ಕಕ್ಕೂ ಅದೇ ಮಾತು.

ಇನ್ನೊಂದು ನಾನೇ ಅನುಭವಿಸಿದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾರ್ಚ್ ಕ್ಲೋಸಿಂಗ್‌ನಲ್ಲಿ ನಮ್ಮ ಆದಾಯದ ಪಟ್ಟಿ ಮತ್ತು ಆಪರೇಷನ್ಸ್‌ನವರ ಪಟ್ಟಿ ತಾಳೆ ಆಗಲೇ ಇಲ್ಲ. ಮೂರು ದಿನ ಹುಡುಕಿದೆವು. ಕೊನೆಗೆ ಹಾರಾಟದ ಯೋಜನೆ ನೋಡುವ ಒಬ್ಬ ಡಿಸ್ಪ್ಯಾಚರ್ ಹೇಳಿದರು, ಅವರ ಸಮಯ ಎಲ್ಲ ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಸಮಯ ಅಂತ. ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ಬೆಳಗಿನ ಜಾವ 4:50ಕ್ಕೆ ಹೊರಟ ವಿಮಾನ ಅವರ ಪಟ್ಟಿಯಲ್ಲಿ ಮಾರ್ಚ್ 31ರ ರಾತ್ರಿ 23:20. ಒಂದು ವಿಮಾನದ ಇಡೀ ಆದಾಯ ಹಿಂದಿನ ವರ್ಷಕ್ಕೆ ಹೋಗಿಬಿಡುತ್ತದೆ.

ಎಂಜಿನಿಯರಿಂಗ್ ಖರ್ಚಿನ ಲೆಕ್ಕ ನೋಡುವವರು:

ಮೇಲಿನವರು ಆದಾಯ ಚೆನ್ನಾಗಿ ಹೇಳಿದ್ದಾರೆ. ಖರ್ಚಿನಲ್ಲಿ ನಿಜವಾದ ಕಷ್ಟ ರಿಪೇರಿಯದು.

ಮೊದಲು ವಿಮಾನ ಸ್ವಂತದ್ದಾ, ಲೀಸಿನದ್ದಾ ಕೇಳಿ. ಸ್ವಂತದ್ದಾದರೆ ಎಂಜಿನ್ ಪೂರ್ತಿ ಬಿಚ್ಚಿ ದುರಸ್ತಿ ಮಾಡುವ ಓವರ್‌ಹಾಲ್ ಖರ್ಚನ್ನು ಆಸ್ತಿಗೆ ಸೇರಿಸಿ, ಮುಂದಿನ ಓವರ್‌ಹಾಲ್ ತನಕ ಹಂಚುತ್ತಾರೆ. ದಿನನಿತ್ಯದ ರಿಪೇರಿ ಆಗಿಂದಾಗ್ಗೆ ಖರ್ಚು.

ಲೀಸ್ ಆದರೆ ಮೂಲ ಬಾಡಿಗೆ ಇಂಡ್ ಎಎಸ್ 116ರ ಪ್ರಕಾರ ಬ್ಯಾಲೆನ್ಸ್ ಶೀಟ್‌ಗೆ ಬರುತ್ತದೆ, 2019ರ ಏಪ್ರಿಲ್‌ನಿಂದ. ಮುಂದೆ ಕಟ್ಟಬೇಕಾದ ಬಾಡಿಗೆ ಒಂದು ಕಡೆ ಹೊಣೆ, ವಿಮಾನ ಬಳಸುವ ಹಕ್ಕು ಇನ್ನೊಂದು ಕಡೆ ಆಸ್ತಿ. ಹಾರಿದ ಗಂಟೆಗೆ ಇಷ್ಟು ಅಂತ ಕೊಡುವ ಹೆಚ್ಚುವರಿ ಬಾಡಿಗೆ ಆ ಹೊಣೆಯಲ್ಲಿ ಸೇರುವುದಿಲ್ಲ. ಹೊಣೆ ಡಾಲರ್‌ನಲ್ಲಿ ಇರುತ್ತದೆ. ರೂಪಾಯಿ ಇಳಿದರೆ ಅದು ಹಿಗ್ಗುತ್ತದೆ. ಎದುರಿಗಿರುವ ಆಸ್ತಿ ಮಾತ್ರ ಹಳೆಯ ರೂಪಾಯಿ ಬೆಲೆಯಲ್ಲೇ ಇರುತ್ತದೆ. ಆ ವ್ಯತ್ಯಾಸ ನೇರ ಲಾಭ–ನಷ್ಟಕ್ಕೆ. ವಿಮಾನ ಚೆನ್ನಾಗಿ ತುಂಬಿದ ತ್ರೈಮಾಸಿಕದಲ್ಲೂ ನಷ್ಟ ಕಂಡರೆ ಮೊದಲು ಇಲ್ಲಿ ನೋಡಿ.

ಲೀಸ್ ಮುಗಿದಾಗ ವಿಮಾನವನ್ನು ಒಪ್ಪಂದದಲ್ಲಿ ಹೇಳಿದ ಸ್ಥಿತಿಗೆ ತಂದು ವಾಪಸ್ ಕೊಡಬೇಕು. ಅದಕ್ಕೆ ವರ್ಷವರ್ಷ ದುಡ್ಡು ತೆಗೆದಿಟ್ಟಂತೆ ಪ್ರಾವಿಷನ್ ಮಾಡುತ್ತಾರೆ. ಎಷ್ಟು ಗಂಟೆ, ಎಷ್ಟು ಸೈಕಲ್ ಉಳಿದಿದೆ ಅನ್ನುವ ಅಂದಾಜಿನ ಮೇಲೆ ನಿಂತ ಲೆಕ್ಕ ಅದು. ಒಂದು ಸಲ ಏರಿ ಇಳಿದರೆ ಒಂದು ಸೈಕಲ್. ಎಂಜಿನ್ನಿನ ಕೆಲವು ಭಾಗಗಳ ಆಯಸ್ಸನ್ನು ಸೈಕಲ್‌ನಲ್ಲೇ ಎಣಿಸುತ್ತಾರೆ. ಹುಬ್ಬಳ್ಳಿ–ಬೆಂಗಳೂರಿನಂಥ ಸಣ್ಣ ಹಾರಾಟ ದಿನಕ್ಕೆ ಆರು ಮಾಡಿದರೆ ಗಂಟೆ ಕಡಿಮೆ, ಸೈಕಲ್ ಜಾಸ್ತಿ. ಕಂಪನಿ ಬರೀ ಗಂಟೆ ಹಿಡಿದು ಲೆಕ್ಕ ಹಾಕಿದ್ದರೆ ಪ್ರಾವಿಷನ್ ಕಮ್ಮಿ ಬಿದ್ದಿರುತ್ತದೆ. ಲೀಸ್ ಒಪ್ಪಂದದ ವಾಪಸಾತಿ ಷರತ್ತಿನ ಪುಟವನ್ನು ನೀವೇ ಓದಿ, ಅವರು ಕೊಟ್ಟ ಸಾರಾಂಶ ಸಾಲದು.

ಇನ್ನೊಬ್ಬರು:

ಇಂಧನದ ಬಗ್ಗೆ ಒಂದು ಮಾತು. ಎಟಿಎಫ್ (ವಿಮಾನದ ಇಂಧನ) ದರ ತಿಂಗಳ 1ನೇ ತಾರೀಖು ಬದಲಾಗುತ್ತದೆ. ಮಾರ್ಚ್ 31ರ ರಾತ್ರಿ ಇಂಧನ ತುಂಬಿಸಿದ ಚೀಟಿಗಳಿಗೆ ಯಾವ ದರ ಹಾಕಿದ್ದಾರೆ ನೋಡಿ. ಎಟಿಎಫ್ ಜಿಎಸ್‌ಟಿ ಒಳಗಿಲ್ಲ, ರಾಜ್ಯದ ವ್ಯಾಟ್ ಕಟ್ಟಬೇಕು. ಅದಕ್ಕೆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಕಟ್ಟಬೇಕಾದ ಬೇರೆ ತೆರಿಗೆಯಲ್ಲಿ ಅದನ್ನು ಕಳೆಯಲು ಆಗುವುದಿಲ್ಲ, ಇಂಧನ ಖರ್ಚಿನಲ್ಲೇ ಸೇರುತ್ತದೆ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಏಜೆಂಟ್ ಕಮಿಷನ್ ಯಾವಾಗ ಖರ್ಚು ಬರೆಯಬೇಕು? ಟಿಕೆಟ್ ಮಾರಿದ ದಿನವಾ, ಹಾರಿದ ದಿನವಾ?

ರೆವೆನ್ಯೂ ಅಕೌಂಟ್ಸ್‌ನವರು:

ಎರಡೂ ನೋಡಿದ್ದೇನೆ. ಹಾರುವ ತನಕ ಮುಂಗಡದಲ್ಲಿ ಇಟ್ಟು ಆಮೇಲೆ ಖರ್ಚು ಮಾಡಬಹುದು. ಒಂದು ವರ್ಷದೊಳಗೆ ಮುಗಿಯುವುದಾದರೆ ಕೊಟ್ಟಾಗಲೇ ಖರ್ಚು ಬರೆಯಲೂ ಸ್ಟ್ಯಾಂಡರ್ಡ್ ಬಿಡುತ್ತದೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ, ಆದಾಯ ಬಂದ ತಿಂಗಳಲ್ಲೇ ಅದರ ಖರ್ಚೂ ಕಾಣುತ್ತದೆ. ಯಾವುದೇ ಇರಲಿ, ಹೋದ ವರ್ಷ ಮಾಡಿದ್ದನ್ನೇ ಈ ವರ್ಷವೂ ಮಾಡಿದ್ದಾರಾ ನೋಡಿ.

ಪ್ರಶ್ನೆ ಕೇಳಿದವರು, ಮಂಗಳವಾರ:

ಹೋಗಿ ಬಂದೆ. ಮೊದಲು ಕೇಳಿದ್ದೇ ಸಮಯ ಯಾವುದು ಅಂತ. ಯುಟಿಸಿಯೇ. ಏಪ್ರಿಲ್ 1ರ ಬೆಳಗಿನ ಎರಡು ವಿಮಾನ ಹಿಂದಿನ ವರ್ಷದ ಪಟ್ಟಿಯಲ್ಲಿದ್ದವು, ಸೀನಿಯರ್‌ಗೆ ತೋರಿಸಿದೆ. ಲೀಸ್ ಒಪ್ಪಂದ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ. ನಾಳೆ ಮತ್ತೆ ಕೇಳುತ್ತೇನೆ.