ಅಪ್‌ಡೇಟ್: ವೆನಿಸ್‌ನಿಂದ ಪಾದುವಾಕ್ಕೆ ಅರ್ಧ ದಿನದ ಭೇಟಿ

ವೆನಿಸ್‌ನಲ್ಲಿ ತಂಗಿದ್ದುಕೊಂಡು ಪಾದುವಾ ನಗರವನ್ನು ಅರ್ಧ ದಿನದಲ್ಲಿ ನೋಡಲಾದೀತೇ ಎಂದು ಕೇಳಿದ್ದೆ; ನೋಡಿ ಬಂದೆವು. ಸ್ಕ್ರೊವೆನ್ಯಿ ಪ್ರಾರ್ಥನಾಮಂದಿರದ ಟಿಕೆಟನ್ನು ಮೊದಲೇ ಕಾಯ್ದಿರಿಸಿ, ಉಳಿದೆಲ್ಲವನ್ನೂ ಆ ವೇಳೆಗೆ ಹೊಂದಿಸಿಕೊಳ್ಳಿ ಎಂಬ ಸಲಹೆಯೇ ಫಲಿಸಿತು. ಚಿತ್ರಕಾರ ಜೊತ್ತೊ ಅದರ ಗೋಡೆಗಳ ಮೇಲೆ 1305ರ ಸುಮಾರಿಗೆ ಮುಗಿಸಿದ ಭಿತ್ತಿಚಿತ್ರಗಳಿಗೆ ತೇವವೂ ಧೂಳೂ ತಾಗದಿರಲೆಂದು ಸಂದರ್ಶಕರನ್ನು ಮೊದಲು ಗಾಜಿನ ಕೋಣೆಯೊಂದರಲ್ಲಿ ಸುಮಾರು 15 ನಿಮಿಷ ಕೂರಿಸಿ, ಅಲ್ಲಿನ ಗಾಳಿ ಹದಕ್ಕೆ ಬಂದ ಮೇಲಷ್ಟೇ ಒಳಗೆ ಬಿಡುತ್ತಾರೆಂಬುದು ನನಗೆ ಹೊಸ ವಿಷಯ. ಒಳಗಿನ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಆ ನೀಲಿ ಚಾವಣಿಯೊಂದಕ್ಕೇ ಅದು ಸಾಲದು. ಸಂತ ಆಂಟನಿಯ ಬಸಿಲಿಕಾ, ಸಸ್ಯೋದ್ಯಾನ, ವಿಶ್ವವಿದ್ಯಾಲಯದ ಅಂಗರಚನಾ ರಂಗಮಂದಿರ (ಹಿಂದೆ ವಿದ್ಯಾರ್ಥಿಗಳೆದುರು ಶವಚ್ಛೇದನ ಮಾಡಿ ತೋರಿಸುತ್ತಿದ್ದ ಸಭಾಂಗಣ) ಮೂರನ್ನೂ ಸೇರಿಸಿಕೊಳ್ಳಿ ಎಂದವರ ಮಾತು ಮಾತ್ರ ನಡೆಯಲಿಲ್ಲ, ಏಕೆಂದರೆ ರಂಗಮಂದಿರಕ್ಕೆ ಮಾರ್ಗದರ್ಶಿಯೊಂದಿಗೆ ನಿಗದಿತ ವೇಳೆಯಲ್ಲಷ್ಟೇ ಪ್ರವೇಶ. 1545ರಲ್ಲಿ ಸ್ಥಾಪನೆಯಾದ ಉದ್ಯಾನದಲ್ಲಿ 1585ರಲ್ಲಿ ನೆಟ್ಟ ತಾಳೆಮರವೊಂದು ಇಂದಿಗೂ ಜೀವಂತವಾಗಿದೆ; ಅದಕ್ಕಾಗಿ ಒಂದು ಗಂಟೆ ಮೀಸಲಿಡಿ.