ಎರಡು ನೋಡ್ ಇದ್ರೂ ಮೇಲ್ ಸರ್ವರ್ ದಿನಾ ಮಧ್ಯಾಹ್ನ ಬೀಳ್ತೈತೆ, ಯಾರಾದ್ರೂ ಕಂಡಿದ್ದೀರಾ?

ನಿಟ್ಟುವಳ್ಳಿಯವ:
ನಮಸ್ಕಾರ ಎಲ್ರಿಗೂ. ದಾವಣಗೆರೆಲಿ ಒಂದು ಕಾಲೇಜಿನ ಮೇಲ್ ಸರ್ವರ್ ನೋಡ್ಕೊಳ್ತೀನಿ, ಮುನ್ನೂರು ಚಿಲ್ರೆ ಮೇಲ್‌ಬಾಕ್ಸು. ಎರಡು ಮಷೀನು (ನೋಡ್ ಅಂದ್ರೆ ಇವೇ), ತಲಾ 4 ಜಿಬಿ ರ‍್ಯಾಮು, ಒಂದು ಕೈ ಕೊಟ್ರೆ ಕೆಲಸ ಇನ್ನೊಂದಕ್ಕೆ ಸಾಗಿಸೋ ಪೇಸ್‌ಮೇಕರ್, ಎರಡರ ನಡುವೆ ಸಂಪರ್ಕ ನೋಡ್ಕೊಳ್ಳೋ ಕಾರೊಸಿಂಕ್ ಹಾಕಿ, ಎರಡೂ ಕಡೆ ಡಿಸ್ಕ್ ಒಂದೇ ಥರ ಇಡೋ ಡಿಆರ್‌ಬಿಡಿ ಮೇಲೆ ಪೋಸ್ಟ್‌ಫಿಕ್ಸು (ಮೇಲ್ ಸಾಗಿಸೋದು), ಡವ್‌ಕಾಟು (ಮೇಲ್‌ಬಾಕ್ಸ್ ತೋರ್ಸೋದು), ಕ್ಲಾಮ್‌ಎವಿ (ವೈರಸ್ ಹುಡ್ಕೋದು) ಎಲ್ಲಾ ಒಂದೇ ಗ್ರೂಪ್‌ನಾಗೆ ಐತೆ. ಎರಡು ವಾರದಿಂದ ಮಧ್ಯಾಹ್ನ ಎರಡರ ಆಸುಪಾಸು ಮೊದಲನೇ ನೋಡ್ ಬೀಳ್ತೈತೆ, ಸರ್ವಿಸ್ ಎಲ್ಲಾ ಎರಡನೇದಕ್ಕೆ ಹೋಗ್ತವೆ, ಅರ್ಧ ಗಂಟೆ ಆಗೋದ್ರೊಳಗೆ ಅದೂ ಬಿದ್ದು ಆಮೇಲೆ ಏನೂ ಏಳಲ್ಲ, ನಾನೇ ಹೋಗಿ ರಿಸೋರ್ಸ್ ಕ್ಲೀನಪ್ (ಫೇಲ್ ಆದ ಲೆಕ್ಕ ಅಳಿಸೋ ಕಮಾಂಡು) ಕೊಟ್ರೆ ಮತ್ತೆ ಸರಿ. ಕೆಲವು ದಿನ ಮಾತ್ರ ಎರಡನೇದು ಉಳ್ಕೊಳ್ತೈತೆ. ಭಾನುವಾರ ಬೀಳೋದೇ ಇಲ್ಲ! ನಿನ್ನೆ ಹರಿಹರ, ಹೊನ್ನಾಳಿಯಿಂದ ಬಸ್ಸಲ್ಲಿ ಬಂದ ಹುಡುಗ್ರು ಫೀ ರಸೀದಿ ಮೇಲ್ ಬರ್ಲಿಲ್ಲ ಅಂತ ಕೌಂಟರ್ ಮುಂದೆ ಮೊಬೈಲ್ ಹಿಡ್ಕೊಂಡು ನಾಲ್ಕು ಗಂಟೆವರೆಗೂ ನಿಂತಿದ್ರು, ನೋಡಕ್ಕಾಗ್ಲಿಲ್ಲ.

ವಿದ್ಯಾನಗರ ಬಡಾವಣೆ:
ಮಧ್ಯಾಹ್ನ ಅಂದ್ರೆ ಬಿಸಿಲು ಸಾರ್, ರೂಮಲ್ಲಿ ಏಸಿ ಐತಾ? ಯುಪಿಎಸ್ ಬ್ಯಾಟರಿನೂ ನೋಡ್ಬಿಡಿ. ಇಲ್ಲಾಂದ್ರೆ ಕಾರೊಸಿಂಕ್‌ನಾಗೆ ಟೋಕನ್ ಟೈಮ್‌ಔಟ್ (ಇನ್ನೊಂದು ನೋಡ್ ಉತ್ತರಕ್ಕೆ ಕಾಯೋ ಹೊತ್ತು) ಜಾಸ್ತಿ ಮಾಡಿ.

ನಿಟ್ಟುವಳ್ಳಿಯವ:
ಏಸಿ ಐತೆ ಸಾರ್, ಯುಪಿಎಸ್ಸೂ ಹೊಸದು. ಅಪ್‌ಟೈಮ್ ನೋಡಿದ್ರೆ ಎರಡೂ ಮಷೀನು 40 ದಿನದಿಂದ ರೀಬೂಟೇ ಆಗಿಲ್ಲ.

ದುರ್ಗದ ಕೋಟೆ ಕೆಳಗೆ:
ಹಂಗಾದ್ರೆ ಮಷೀನು ಬೀಳ್ತಿಲ್ಲ, ಒಳಗಿರೋ ಯಾವ್ದೋ ಒಂದು ಸರ್ವಿಸ್ ಬೀಳ್ತೈತೆ. ಟೋಕನ್ ಮುಟ್ಬೇಡ್ರಿ, ನೋಡ್‌ಗಳು ಒಂದಕ್ಕೊಂದು ಕಾಣ್ತಿಲ್ಲ ಅಂದ್ರೆ ಮಾತ್ರ ಅದರ ಮಾತು. ಬಿದ್ದ ಹೊತ್ತಿಗೆ ಹತ್ತು ನಿಮಿಷ ಹಿಂದಿನ ಕರ್ನಲ್ ಲಾಗ್ ತೆಗ್ದು ನೋಡಿ, ಔಟ್ ಆಫ್ ಮೆಮೊರಿ ಅಂತ ಏನಾದ್ರೂ ಬಂದೈತಾ?

ನಿಟ್ಟುವಳ್ಳಿಯವ:
ಬಂದೈತೆ ಅಣ್ಣಾ!! 'ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್', ಪಕ್ಕದಲ್ಲೇ ಕ್ಲಾಮ್‌ಡಿ (ಕ್ಲಾಮ್‌ಎವಿಯ ಸ್ಕ್ಯಾನರ್) ಹೆಸ್ರು. ಎರಡೂ ನೋಡಲ್ಲೂ ಅದೇ ಸಾಲು. ನಾನು ಇಷ್ಟು ದಿನ ಪೇಸ್‌ಮೇಕರ್ ಲಾಗ್ ಮಾತ್ರ ಓದ್ತಾ ಕೂತಿದ್ದೆ.

ದುರ್ಗದ ಕೋಟೆ ಕೆಳಗೆ:
ಸಿಕ್ತು ಬಿಡಿ. ಕ್ಲಾಮ್‌ಡಿ ವೈರಸ್ ಸಿಗ್ನೇಚರ್ (ವೈರಸ್ ಗುರುತಿನ ಪಟ್ಟಿ) ಪೂರ್ತಿ ಮೆಮೊರಿಗೆ ತುಂಬ್ಕೊಳ್ತೈತೆ, ಒಂದು ಜಿಬಿ ಮೇಲೇ ತಿನ್ತೈತೆ. 2020ರಾಗೆ ಬಂದ 0.103 ವರ್ಷನ್‌ನಿಂದ ಹೊಸ ಸಿಗ್ನೇಚರ್ ಬಂದಾಗ ಹಳೇದನ್ನ ಬಿಡದೇ ಹೊಸದನ್ನ ಪಕ್ಕದಲ್ಲೇ ಲೋಡ್ ಮಾಡ್ತೈತೆ, ಸ್ಕ್ಯಾನಿಂಗ್ ನಿಲ್ಲಬಾರ್ದು ಅಂತ. ಅಂದ್ರೆ ಅಷ್ಟು ಹೊತ್ತು ಡಬಲ್ ಮೆಮೊರಿ. ಕೆಲಸದ ದಿನ ಡವ್‌ಕಾಟ್ ತುಂಬಾ ಜನ ಕೂತಿರ್ತಾರೆ, 4 ಜಿಬಿ ಸಾಲಲ್ಲ, ಕರ್ನಲ್ಲು ದೊಡ್ಡದ್ಯಾವ್ದು ಅಂತ ನೋಡಿ ಕ್ಲಾಮ್‌ಡಿ ಹೊಡೀತೈತೆ, ಅದು ಗ್ರೂಪ್‌ನಾಗೆ ಇರೋದ್ರಿಂದ ಪೇಸ್‌ಮೇಕರ್ ಇಡೀ ಗ್ರೂಪನ್ನೇ ಎತ್ತಿ ಆ ಕಡೆ ಹಾಕ್ತೈತೆ. ಅಲ್ಲಿ ಫ್ರೆಶ್‌ಕ್ಲಾಮ್ (ಹೊಸ ಸಿಗ್ನೇಚರ್ ಇಳಿಸೋ ಪ್ರೋಗ್ರಾಮು) ತನ್ನ ಟೈಮಿಗೆ ಅಪ್‌ಡೇಟ್ ತಂದ ತಕ್ಷಣ ಅಲ್ಲೂ ಅದೇ ಕಥೆ. ಎರಡನೇದು ಉಳ್ಕೊಂಡ ದಿನ ಅಲ್ಲಿ ಅಪ್‌ಡೇಟ್ ಮೊದ್ಲೇ ಬಂದಿರ್ತೈತೆ. ಮೈಗ್ರೇಷನ್ ಥ್ರೆಶೋಲ್ಡ್ (ಎಷ್ಟು ಸಲ ಫೇಲ್ ಆದ್ರೆ ಆ ಕಡೆ ಹೋಗ್ಬೇಕು ಅನ್ನೋದು) ಎಷ್ಟಿಟ್ಟಿದ್ದೀರಿ?

ನಿಟ್ಟುವಳ್ಳಿಯವ:
1 ಐತೆ, ಮುಂಚೆ ಇದ್ದವ್ರು ಹಾಕಿದ್ದು. ಫೇಲ್ಯೂರ್ ಟೈಮ್‌ಔಟ್ (ಫೇಲ್ ಲೆಕ್ಕ ಎಷ್ಟು ಹೊತ್ತಿಗೆ ಅಳೀಬೇಕು ಅನ್ನೋದು) ಹಾಕೇ ಇಲ್ಲ.

ದುರ್ಗದ ಕೋಟೆ ಕೆಳಗೆ:
ಅದಕ್ಕೇ ಏಳಲ್ಲ. ಎರಡು ಕಡೆನೂ ಒಂದೊಂದು ಸಲ ಫೇಲ್ ಆದ್ಮೇಲೆ ಹೋಗಕ್ಕೆ ಜಾಗನೇ ಇಲ್ಲ, ಆ ಲೆಕ್ಕ ತಾನಾಗಿ ಅಳಿಯಲ್ಲ. ಥ್ರೆಶೋಲ್ಡ್ 3 ಮಾಡಿ, ಫೇಲ್ಯೂರ್ ಟೈಮ್‌ಔಟ್ ಹತ್ತು ನಿಮಿಷ ಕೊಡಿ. ಕ್ಲಾಮ್‌ಡಿ ಕಾನ್ಫಿಗ್‌ನಾಗೆ ಕನ್‌ಕರೆಂಟ್ ಡೇಟಾಬೇಸ್ ರಿಲೋಡ್ ಅನ್ನೋದನ್ನ ನೋ ಮಾಡಿ. ಲೋಡ್ ಆಗೋವರ್ಗೂ ಸ್ಕ್ಯಾನ್ ನಿಲ್ತೈತೆ, ಪೋಸ್ಟ್‌ಫಿಕ್ಸ್‌ನಾಗೆ ಮಿಲ್ಟರ್ (ಮೇಲನ್ನ ಸ್ಕ್ಯಾನರಿಗೆ ಕೊಡೋ ಕೊಂಡಿ) ಡೀಫಾಲ್ಟ್ ಟೆಂಪ್‌ಫೇಲ್ (ಈಗ ಆಗಲ್ಲ, ಆಮೇಲೆ ಬಾ) ಇದ್ರೆ ಕಳಿಸಿದ ಸರ್ವರ್ ಕಾದು ಮತ್ತೆ ಕಳಿಸ್ತೈತೆ, ಮೇಲ್ ಕಳೆಯಲ್ಲ. ಆಕ್ಸೆಪ್ಟ್ ಅಂತ ಮಾತ್ರ ಇಡ್ಬೇಡಿ, ಸ್ಕ್ಯಾನ್ ಆಗ್ದೇ ಒಳಗೆ ಬರ್ತವೆ. ಇದೆಲ್ಲಾ ಸದ್ಯಕ್ಕೆ, ಕೊನೆಗೆ 8 ಜಿಬಿ ರ‍್ಯಾಮ್ ಹಾಕ್ಸಲೇಬೇಕು.

ಹೊಸಪೇಟೆ ರಸ್ತೆ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಸ್ಟೋನಿತ್ (ಕೈ ಕೊಟ್ಟ ನೋಡನ್ನ ಬಲವಂತವಾಗಿ ಆಫ್ ಮಾಡೋದು, ಫೆನ್ಸಿಂಗ್ ಅಂದ್ರೂ ಅದೇ) ಆನ್ ಐತಾ? ಡಿಆರ್‌ಬಿಡಿ ಇಟ್ಕೊಂಡು ಫೆನ್ಸಿಂಗ್ ಇಲ್ದೇ ಓಡಿಸ್ಬೇಡಿ, ನಡುವಿನ ಕೇಬಲ್ ಒಂದು ದಿನ ಕೈ ಕೊಟ್ರೆ ಎರಡೂ ನಾನೇ ಯಜಮಾನ ಅಂತ ಬರೀತಾ ಹೋಗ್ತವೆ, ಆಮೇಲೆ ಸ್ಪ್ಲಿಟ್ ಬ್ರೇನ್ ಆಗಿ ಒಂದು ಕಡೆ ಬಂದ ಮೇಲ್ ಎಸೀಲೇಬೇಕು. ನಾನು ಎಸೆದಿದ್ದೀನಿ, ಮೂರು ತಾಸಿನ ಮೇಲು. ಆವತ್ತು ಯಾರ ಮೇಲ್ ಹೋಯ್ತೋ ಅಂತ ಇವತ್ತಿಗೂ ಹೊಟ್ಟೆ ಚುರುಕ್ ಅಂತೈತೆ. ದುರ್ಗದಲ್ಲಿ ನಿಮ್ಮ ಕಾಲೇಜಿನ ಬ್ರಾಂಚ್ ಇದ್ರೆ ಅಲ್ಲೊಂದು ಸಣ್ಣ ಮಷೀನಿಗೆ ಕ್ಯೂನೆಟ್‌ಡಿ (ಯಾವ ನೋಡ್ ಮುಂದುವರೀಬೇಕು ಅಂತ ವೋಟ್ ಹಾಕೋ ಪ್ರೋಗ್ರಾಮು) ಹಾಕಿ ಮೂರನೇ ವೋಟ್ ಮಾಡ್ಕೊಳ್ಳಿ, ದೂರ ಇದ್ರೂ ನಡೀತೈತೆ. ಆದ್ರೆ ವೋಟ್ ಇದ್ರೂ ಫೆನ್ಸಿಂಗ್ ಬೇಕೇ ಬೇಕು.

ನಿಟ್ಟುವಳ್ಳಿಯವ:
ಅಪ್‌ಡೇಟ್. ರಿಲೋಡ್ ನೋ ಮಾಡಿ ಒಂಬತ್ತು ದಿನ ಆಯ್ತು, ಒಂದ್ಸಲನೂ ಬಿದ್ದಿಲ್ಲ. ಮೊದಲ ದಿನ ಎರಡು ಗಂಟೆಗೆ ಸ್ಕ್ರೀನ್ ಮುಂದೆನೇ ಕೂತಿದ್ದೆ, ಮೇಲ್ ಕ್ಯೂ ಹದಿನೈದು ಇಪ್ಪತ್ತು ಸೆಕೆಂಡ್ ನಿಂತು ಮತ್ತೆ ಹರೀತು ನೋಡಿ, ಎಷ್ಟು ಸಮಾಧಾನ ಆಯ್ತು ಅಂದ್ರೆ! ಸ್ಟೋನಿತ್ ಆಫ್ ಇತ್ತು. ಎರಡೂ ಮಷೀನಿಗೆ ಐಪಿಎಂಐ ಪೋರ್ಟ್ (ದೂರದಿಂದ ಮಷೀನ್ ಪವರ್ ಆಫ್ ಮಾಡೋ ದಾರಿ) ಐತೆ, ಕೇಬಲ್ ಎಳೆದಿದ್ದೀನಿ, ಭಾನುವಾರ ಬೆಳಿಗ್ಗೆ ಆರಕ್ಕೆ ಒಂದು ನೋಡ್‌ನ ನೆಟ್‌ವರ್ಕ್ ಕಿತ್ತು ಟೆಸ್ಟ್ ಮಾಡ್ತೀನಿ. ಡಿಆರ್‌ಬಿಡಿ ಕಾನ್ಫಿಗ್‌ನಾಗೂ ಫೆನ್ಸಿಂಗ್ ಸಾಲು ಬೇಕಲ್ವಾ ಅಣ್ಣಾ?

ಹೊಸಪೇಟೆ ರಸ್ತೆ:
ಬೇಕು, ರಿಸೋರ್ಸ್ ಆಂಡ್ ಸ್ಟೋನಿತ್ ಅಂತ ಹಾಕಿ. ಟೆಸ್ಟಿಗೆ ಮೊದ್ಲು ಬ್ಯಾಕಪ್ ತಗೊಳ್ಳಿ, ಭಾನುವಾರ ನಾನೂ ಆನ್‌ಲೈನ್ ಇರ್ತೀನಿ.